ಸ್ಟೂಲಿನ ಮೇಲಿನ ಒಂಬತ್ತು ಸಾವಿರ ವರ್ಷ

ವಿಮಾ ಕಂಪನಿಗೆ ಹೊಸದಾಗಿ ಅಧಿಕಾರಿಗಳಾಗಿ ಸೇರುವವರಿಗೆ ತರಬೇತಿ ಕೊಡುತ್ತಾರೆ. ಬೆಂಕಿ ಹೇಗೆ ಹತ್ತುತ್ತದೆ, ಹಡಗು ಹೇಗೆ ಮುಳುಗುತ್ತದೆ, ಲಾರಿ ಹೇಗೆ ಉರುಳುತ್ತದೆ, ಎಲ್ಲವನ್ನೂ ಹೇಳಿಕೊಡುತ್ತಾರೆ. ದೊಡ್ಡ ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತಿರುವ ಮನುಷ್ಯನನ್ನು ಕಂಡಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ. ಧಾರವಾಡದಿಂದ ಬಂದು, ನೌಕರಿಯ ಕೊನೆಯ ಹದಿನೆಂಟು ವರ್ಷಗಳನ್ನು ಗುಜರಾತಿನಲ್ಲಿ ಕಳೆದು, ಈಗ ವಡೋದರಾದ ಮಂಜಲ್‌ಪುರದ ಮನೆಯಲ್ಲಿ ಒಂದೇ ಪೇಪರನ್ನು ಬೆಳಗ್ಗೆ ಎರಡು ಸಲ ಓದುತ್ತಿರುವ ನಾನು ಆ ಬಿಟ್ಟುಹೋದ ಪಾಠವನ್ನು ಬರೆದಿಡುತ್ತೇನೆ. ನನಗೆ ಎಷ್ಟು ಬಡ್ತಿ ಸಿಕ್ಕಿತು ಎಂದು ಕೇಳಬೇಡಿ. ಹೇಗೆ ಸಿಕ್ಕಿತು ಎಂದಂತೂ ಕೇಳಲೇಬೇಡಿ.

ನಮ್ಮ ಪ್ರಾದೇಶಿಕ ಕಚೇರಿ ವಡೋದರಾದಲ್ಲಿತ್ತು. ಅಹಮದಾಬಾದಿನ ವಟ್ವಾದಿಂದ ಸೂರತ್ತಿನವರೆಗಿನ ಶಾಖೆಗಳೆಲ್ಲ ಅದರ ಕೆಳಗೆ. ನಾನು ಸಿಬ್ಬಂದಿ ವಿಭಾಗದ ಅಧಿಕಾರಿ. ರಜೆ, ವರ್ಗಾವಣೆ, ಯಾರು ಯಾರ ಮೇಲೆ ಚಾಡಿ ಬರೆದಿದ್ದಾರೆ ಎನ್ನುವ ಕಾಗದ, ಇವೆಲ್ಲ ನನ್ನ ಮೇಜಿನಿಂದ ದೊಡ್ಡ ಸಾಹೇಬರ ಸಹಿಗೆ ಹೋಗಬೇಕು. ಮೇಜಿಗೂ ಸಹಿಗೂ ನಡುವೆ ಒಂದು ಸ್ಟೂಲು, ಅದರ ಮೇಲೆ ಜಯಂತಿಭಾಯಿ.

ಜಯಂತಿಭಾಯಿ ಸಾಹೇಬರ ಜವಾನರು. ಜವಾನನಿಗೆ ಬಹುವಚನ ಏಕೆ ಎಂದರೆ, ಅಭ್ಯಾಸ. ನಿವೃತ್ತಿಯಾದ ಮೇಲೂ ಹೋಗಿಲ್ಲ. ಸಣ್ಣ ಮೈ, ಎಣ್ಣೆ ಹಾಕಿ ಬಾಚಿದ ಕೂದಲು, ಜೇಬಿನಲ್ಲಿ ಅಡಿಕೆಯ ಡಬ್ಬಿ. ಇಂಗ್ಲಿಷ್ ಓದಲು ಬಾರದು. ಯಾರನ್ನೂ ಗದರಿದ್ದನ್ನು ನಾನು ಕಂಡಿಲ್ಲ. ಯಾರು ಬಂದರೂ “ಬೇಸೋ, ಸಾಹೇಬ್” ಎನ್ನುತ್ತಿದ್ದರು, ಅಂದರೆ ಕೂತುಕೊಳ್ಳಿ. ಕೂತವರು ಕೂತೇ ಇರುತ್ತಿದ್ದರು. ವಟ್ವಾ ಶಾಖೆಯ ಮ್ಯಾನೇಜರು ಒಮ್ಮೆ ಬೆಳಗ್ಗೆ ಬಂದು ಕೂತವರು ಸಂಜೆ ಎದ್ದು ವಾಪಸು ಅಹಮದಾಬಾದಿಗೆ ಹೋದರು. ಅವರ ಶಾಖೆಯ ಕೆಳಗೆ ಅಷ್ಟು ಬಣ್ಣದ ಕಾರ್ಖಾನೆಗಳಿದ್ದವು, ಆದರೆ ಆ ದಿನ ಅವರ ಮುಖದಲ್ಲಿ ಒಂದು ಬಣ್ಣವೂ ಇರಲಿಲ್ಲ.

ದೊಡ್ಡ ಸಾಹೇಬರು ಕೆಟ್ಟವರಲ್ಲ. ಅವರಿಗೆ ಹೋಮಿಯೋಪಥಿಯ ಹುಚ್ಚು, ಅಷ್ಟೇ. ಓದಿದ್ದು ಕಾಮರ್ಸು, ಕಲಿತದ್ದು ರೈಲಿನಲ್ಲಿ ಕೊಂಡ ಪುಸ್ತಕದಿಂದ. ಮೇಜಿನ ಮೇಲೆ ದಪ್ಪ ಪುಸ್ತಕ, ಪಕ್ಕದಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಸಾಲುಸಾಲು ಶೀಶೆಗಳಲ್ಲಿ ಬಿಳಿ ಗುಳಿಗೆ. ಯಾರಾದರೂ ಸೀನಿದರೆ ಸಾಕು, ಅವರ ಮುಖ ಅರಳುತ್ತಿತ್ತು. “ಬಲಮೂಗೋ, ಎಡಮೂಗೋ? ಸೀನುವಾಗ ಅಳು ಬರುತ್ತದೆಯೋ, ಸಿಟ್ಟು ಬರುತ್ತದೆಯೋ? ಕನಸಿನಲ್ಲಿ ಬೆಕ್ಕು ಕಾಣಿಸುತ್ತದೆಯೋ?” ಉತ್ತರ ಸಿಕ್ಕಿದ ಮೇಲೆ ಪುಸ್ತಕದಲ್ಲಿ ತಲೆ ಹುದುಗಿಸಿದರೆಂದರೆ ಲೋಕದ ಪರಿವೆಯೇ ಇಲ್ಲ.

ಜಯಂತಿಭಾಯಿ ಫೈಲುಗಳನ್ನು ಹೊತ್ತು ಒಳಗೆ ಹೋಗುತ್ತಿದ್ದುದು ಸರಿಯಾಗಿ ಆ ಹೊತ್ತಿಗೆ. ಸಾಹೇಬರು ತಲೆ ಎತ್ತದೆಯೇ, “ಹಾಂ ಹಾಂ, ಗೊತ್ತಾಯಿತು, ನೀನೇ ನೋಡಿಕೋ” ಎನ್ನುತ್ತಿದ್ದರು. ಜಯಂತಿಭಾಯಿ ಬೆರಳಿಟ್ಟ ಕಡೆ ಸಹಿ ಬೀಳುತ್ತಿತ್ತು. ಬೆರಳಿಡದ ಫೈಲು ಹೋದ ಹಾಗೆಯೇ ಹೊರಗೆ ಬರುತ್ತಿತ್ತು. ನಾವೆಲ್ಲ ಪರೀಕ್ಷೆ ಪಾಸು ಮಾಡಿ, ಸಂದರ್ಶನದಲ್ಲಿ ಬೆವರು ಸುರಿಸಿ ಬಂದ ಅಧಿಕಾರಿಗಳು ಆ ಬೆರಳನ್ನು ಕಾಯುತ್ತಿದ್ದೆವು.

ಒಂದು ಸಂಜೆ ಮನೆಗೆ ಬಂದಾಗ ನನ್ನ ಹೆಂಡತಿ ಸುಮಿತ್ರಾ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವಳು ಇಲ್ಲಿಯ ಶಾಲೆಯೊಂದರಲ್ಲಿ ಇತಿಹಾಸದ ಟೀಚರು. ಮರುದಿನ ಮಕ್ಕಳಿಗೆ ಚೀನಾದ ಅರಸರ ಪಾಠವಿತ್ತು.

“ಬರ್ರಿ, ಕೂಡ್ರಿ ಇಲ್ಲೆ. ನಿಮ್ಮ ಜಯಂತಿಭಾಯಿ ಹಿಂದಕ ಒಮ್ಮೆ ಚೀನಾದಾಗ ಹುಟ್ಟಿದ್ದ,” ಎಂದಳು.

“ಯಾರಾಗಿ?”

“ಹೆಸರು ತಗೊಂಡು ಏನ್ ಮಾಡ್ತೀರಿ, ನಿಮ್ಮ ನಾಲಿಗಿ ಹೊರಳೂದಿಲ್ಲ. ಅರಮನಿಯೊಳಗ ಒಬ್ಬ ನಪುಂಸಕ ಸೇವಕ.”

ಅವಳು ಹೇಳಿದ್ದು ಇಷ್ಟು. ಆತ ಹಳ್ಳಿಯಲ್ಲಿ ಜೂಜಾಡಿಕೊಂಡು ತಿರುಗುತ್ತಿದ್ದವ. ಓದು ಬರಹ ಇಲ್ಲ, ಮನೆಯಲ್ಲಿ ಹೆಂಡತಿ, ಮಗಳು. ಆ ಕಾಲದಲ್ಲಿ ಬಡವನೊಬ್ಬ ಚಕ್ರವರ್ತಿಯ ಒಳಮನೆಗೆ ಹೋಗಲು ಒಂದೇ ಬಾಗಿಲು: ಗಂಡಸುತನವನ್ನು ಹೊರಗೆ ಬಿಟ್ಟು ಹೋಗಬೇಕು. ಇವನು ಕೊಯ್ಸಿಕೊಂಡು ಒಳಗೆ ಹೋದ. ಅಡುಗೆಮನೆಯಲ್ಲಿ ಕೆಲಸ ಹಿಡಿದ. ಎಳೆಯ ರಾಜಕುಮಾರನ ಸಾಕುದಾಯಿಯ ಸ್ನೇಹ ಮಾಡಿದ. ಆ ಹುಡುಗ ಮೀಸೆ ಬಲಿಯುವ ಮೊದಲೇ ಚಕ್ರವರ್ತಿಯಾದ. ಅವನಿಗೆ ರಾಜ್ಯ ಬೇಡ, ಬಡಗಿ ಕೆಲಸ ಬೇಕು.

“ಭಾಳ ಛಲೋ ಬಡಗಿ ಅಂತ್ರೀ ಅವ. ಪೆಟಗಿ ಮಾಡ್ತಿದ್ದ, ಸಣ್ಣ ಸಣ್ಣ ಅರಮನಿ ಮಾಡ್ತಿದ್ದ. ಗರಗಸ ಹಿಡದು ಕೂತ ಅಂದ್ರ ಮುಗೀತು. ಆ ಸೇವಕ ಬರೋಬ್ಬರಿ ಅದ ಹೊತ್ತಿಗೆ ರಾಜ್ಯದ ಕಾಗದ ಹಿಡ್ಕೊಂಡು ಬಂದು ನಿಲ್ಲಾವ. ಚಕ್ರವರ್ತಿ ಏನಂತಿದ್ದ ಹೇಳ್ರಿ ನೋಡೋಣ?”

“ಹಾಂ ಹಾಂ, ಗೊತ್ತಾಯಿತು, ನೀನೇ ನೋಡಿಕೋ,” ಎಂದೆ.

“ಹೌದಲ್ಲ ಮತ್ತ!”

ನಾನು ನಕ್ಕ ನಗುವಿಗೆ ಚಹಾ ಬನಿಯನ್ನಿನ ಮೇಲೆ ಚೆಲ್ಲಿತು. ಸುಮಿತ್ರಾ ನಗಲಿಲ್ಲ. “ನಗಬ್ಯಾಡ್ರಿ. ಎದರಾಡಿದ ಮಂದೀನ್ನ ಜೇಲಿಗೆ ಹಾಕ್ಸಿ ಹೊಡಸಿ ಕೊಂದಾನಂವ. ನಿಮ್ಮವ ಪಾಪ ಬರೇ ಕೂಡ್ರಸ್ತಾನ. ಆದ್ರ ನನಗ ಸಿಟ್ಟು ಬರೂದು ಅವನ ಮ್ಯಾಲೆ ಅಲ್ಲ. ಜಗತ್ತಿನಾಗ ಇರೋದ್ರಾಗ ಕಠಿಣ ಪರೀಕ್ಷಾ ಪಾಸ್ ಮಾಡಿ ಬಂದ ಅಧಿಕಾರಿಗೋಳು ಅವನ ಮುಂದ ಮಂಡಿಯೂರಿದ್ರು. ಚಕ್ರವರ್ತಿಗೆ ‘ಹತ್ತು ಸಾವಿರ ವರ್ಷ ಬಾಳು’ ಅನ್ನೂದು ಅಲ್ಲಿ ರೂಢಿ. ಈ ಸೇವಕಗ ‘ಒಂಬತ್ತು ಸಾವಿರ ವರ್ಷ’ ಅಂತಿದ್ರಂತ. ಒಂದು ಸಾವಿರ ಕಡಿಮಿ ಮಾಡಿದ್ದು ಏನ್ ಸಂಕೋಚಕ್ಕೋ ಏನೋ.”

ಅಂದಿನಿಂದ ನಮ್ಮ ಮನೆಯಲ್ಲಿ ಜಯಂತಿಭಾಯಿಗೆ ಆ ಹೆಸರೇ ನಿಂತಿತು. “ಇವತ್ತ ಒಂಬತ್ತು ಸಾವಿರದವರ ಮನಸ್ಸು ಹೆಂಗಿತ್ರೀ?” ಎಂದು ಅವಳು ಬಾಗಿಲು ತೆಗೆಯುವಾಗಲೇ ಕೇಳುತ್ತಿದ್ದಳು.

ಈಗ ನನ್ನ ಮಂಡಿಯ ವಿಷಯ. ಸಾಹೇಬರನ್ನು ನೇರವಾಗಿ ಕಾಣಬೇಕಾದರೆ ಸ್ಟೂಲನ್ನು ದಾಟುವ ಒಂದೇ ಉಪಾಯವಿತ್ತು: ರೋಗ. ರೋಗಿಯನ್ನು ತಡೆಯಬಾರದೆಂದು ಸಾಹೇಬರ ಅಪ್ಪಣೆ. ಹಾಗಾಗಿ ನಮ್ಮ ಕಚೇರಿಯಲ್ಲಿ ಗಟ್ಟಿಮುಟ್ಟಾದ ಅಧಿಕಾರಿ ಒಬ್ಬನೂ ಇರಲಿಲ್ಲ. ವಟ್ವಾದವರಿಗೆ ತಲೆಸುತ್ತು, ಲೆಕ್ಕಪತ್ರದವರಿಗೆ ಹುಳಿತೇಗು. ಸೂರತ್ ಶಾಖೆಯ ಮ್ಯಾನೇಜರ್ ದೇಸಾಯಿಯವರಿಗೆ ಹೆಸರಿಲ್ಲದ ಒಂದು ನಡುಕ, ಅದು ವಡೋದರಾ ಸ್ಟೇಷನ್ನಿನಲ್ಲಿ ಇಳಿದಾಗ ಶುರುವಾಗಿ ವಾಪಸು ಗಾಡಿ ಹತ್ತಿದಾಗ ನಿಲ್ಲುತ್ತಿತ್ತು. ನಾನು ಬಲ ಮಂಡಿಯ ನೋವನ್ನು ಆರಿಸಿಕೊಂಡೆ. ಹದಿನೈದು ದಿನಕ್ಕೊಮ್ಮೆ ಕುಂಟಿಕೊಂಡು ಒಳಗೆ ಹೋಗಿ, ನಾಲಗೆಯ ಮೇಲೆ ನಾಲ್ಕು ಗುಳಿಗೆ ಹಾಕಿಸಿಕೊಂಡು, ಅದರ ಸಿಹಿ ಕರಗುವುದರೊಳಗೆ ಒಂದೆರಡು ಸಹಿ ಮಾಡಿಸಿಕೊಂಡು ಬರುತ್ತಿದ್ದೆ.

ಎರಡನೆಯ ವರ್ಷ ಒಂದು ದಿನ ಅವಸರದಲ್ಲಿ ಎಡಗಾಲು ಕುಂಟಿಸಿಕೊಂಡು ಹೋದೆ. ಬಾಗಿಲಿಗೆ ಕೈ ಹಾಕಿದ್ದೆ. ಜಯಂತಿಭಾಯಿ ಅಡಿಕೆ ಕತ್ತರಿಸುತ್ತ, ತಲೆ ಎತ್ತದೆ, ಮೆಲ್ಲಗೆ, “ಬಲಗಾಲು, ಕುಲಕರ್ಣಿಭಾಯ್,” ಎಂದರು.

ಅಷ್ಟೇ. ಸಾಹೇಬರಿಗೆ ಹೇಳಲಿಲ್ಲ, ಯಾರ ಮುಂದೆಯೂ ಆಡಿಕೊಳ್ಳಲಿಲ್ಲ. ನನಗೆ ಮಾತ್ರ ಅಂದಿನಿಂದ ಆ ಸ್ಟೂಲಿನ ಮುಂದೆ ಹಾದುಹೋಗುವಾಗ ನಿಜವಾಗಿಯೂ ಮಂಡಿ ಸಡಿಲವಾಗತೊಡಗಿತು.

ನಡುವೆ ಕಂಪ್ಯೂಟರು ಬಂತು. ಇನ್ನು ಮುಂದೆ ಫೈಲುಗಳೆಲ್ಲ ತೆರೆಯ ಮೇಲೆ, ಸಾಹೇಬರು ಒಂದು ಗುಂಡಿ ಒತ್ತಿದರೆ ಮಂಜೂರು ಎಂದು ಮೇಲಿನಿಂದ ಸುತ್ತೋಲೆ ಬಂದಾಗ ನಾವು ಫಾಫ್ಡಾ, ಜಿಲೇಬಿ ತರಿಸಿ ತಿಂದೆವು. ಸ್ಟೂಲಿನ ಕಾಲ ಮುಗಿಯಿತಲ್ಲ! ತಿಂಗಳೊಳಗೆ ಗೊತ್ತಾಯಿತು, ಸಾಹೇಬರಿಗೆ ಪಾಸ್‌ವರ್ಡು ನೆನಪಿರುವುದಿಲ್ಲ, ಅದನ್ನು ಬರೆದ ಚೀಟಿ ಜಯಂತಿಭಾಯಿಯ ಅಡಿಕೆ ಡಬ್ಬಿಯಲ್ಲಿದೆ. ಸಾಹೇಬರು ಪುಸ್ತಕದಲ್ಲಿರುವಾಗ ಇವರು ಬೆರಳು ತೋರಿಸುವ ಬದಲು ಬೆರಳು ಒತ್ತುತ್ತಿದ್ದರು. ವಿಧಾನ ಬದಲಾಯಿತು, ಬೆರಳು ಅದೇ. ವರ್ಗಾವಣೆಯಂಥ ಗೋಪ್ಯ ಕಾಗದಗಳು ಮಾತ್ರ ಹಳೆಯ ಹಾಗೆ ಫೈಲಿನಲ್ಲೇ ಉಳಿದವು.

ಇನ್ನು ನಿರ್ಮಲಾಬೇನ್. ಈ ಬರಹವೆಲ್ಲ ಅವರಿಗಾಗಿ, ಆದರೂ ಇಷ್ಟು ಹೊತ್ತು ಅವರ ಹೆಸರು ತೆಗೆಯದೆ ಸುತ್ತು ಹೊಡೆದೆ. ನೌಕರಿಯಲ್ಲಿ ಕಲಿತ ವಿದ್ಯೆ ಅದು.

ನಿರ್ಮಲಾಬೇನ್ ಸೂರತ್ ಶಾಖೆಯ ಗುಮಾಸ್ತೆ. ಮನೆ ಇಲ್ಲಿ ವಡೋದರಾದ ಗೋರ್ವಾದಲ್ಲಿ. ಗಂಡ ಅಲ್ಲಿಯದೇ ಒಂದು ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದವರು. ಒಂದು ಬೆಳಗ್ಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಈಕೆ ಕತ್ತಲಿರುವಾಗಲೇ ಎದ್ದು, ಗಂಡನಿಗೆ ಸ್ನಾನ ಮಾಡಿಸಿ, ಗಂಜಿ ಉಣಿಸಿ, ಪಕ್ಕದ ಮನೆಯವರಿಗೆ ಒಪ್ಪಿಸಿ ಸೂರತ್ತಿನ ಗಾಡಿ ಹಿಡಿಯುವುದು. ಹೋಗಲು ಎರಡು ತಾಸು, ಬರಲು ಎರಡು ತಾಸು. ವಡೋದರಾಕ್ಕೆ ವರ್ಗ ಕೊಡಿ ಎಂದು ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ ಅರ್ಜಿಯನ್ನು ನನ್ನ ಕೈಗೇ ತಂದುಕೊಟ್ಟರು. ಇಲ್ಲಿ ಜಾಗವೂ ಖಾಲಿ ಇತ್ತು. ಬೇಕಾದದ್ದು ಒಂದು ಸಹಿ.

ಆದರೆ ಆಕೆ ಎರಡು ವರ್ಷದ ಹಿಂದೆ ಒಂದು ಅಪರಾಧ ಮಾಡಿದ್ದರು. ಯಾವುದೋ ಕೆಲಸಕ್ಕೆ ಬಂದಾಗ ಜಯಂತಿಭಾಯಿ “ಬೇಸೋ, ಬೇನ್” ಎಂದಿದ್ದಕ್ಕೆ, “ಕೂರುವುದಕ್ಕೆ ಸೂರತ್ತಿನಲ್ಲಿ ಕುರ್ಚಿ ಇದೆ, ಜಯಂತಿಭಾಯ್. ನಾನು ಬಂದಿದ್ದು ಸಾಹೇಬರನ್ನು ಕಾಣಲು. ಸಾಹೇಬರು ನೀವಲ್ಲವಲ್ಲ?” ಎಂದು ಬಾಗಿಲು ತಳ್ಳಿಕೊಂಡು ಹೋಗಿದ್ದರು. ಇಡೀ ಕಾರಿಡಾರು ಕೇಳಿಸಿಕೊಂಡಿತ್ತು. ಆ ಮೇಲೆ ಅವರ ಹೆಸರು ಬಂದಾಗೆಲ್ಲ ಜಯಂತಿಭಾಯಿ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹಾಕುವುದನ್ನು ನಾನು ಗಮನಿಸಿದ್ದೆ.

ತಿಂಗಳಿಗೊಮ್ಮೆ ರಜೆ ಹಾಕಿ ಆಕೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ನಾನು ದನಿ ತಗ್ಗಿಸಿ ಹೇಳುತ್ತಿದ್ದೆ: “ಫೈಲು ಜಯಂತಿಭಾಯಿ ಹತ್ತಿರ ನಿಂತಿದೆ, ಬೇನ್. ನಿಮ್ಮ ಮೇಲೆ ಸಿಟ್ಟಿದೆ. ಹಿಂದಿನ ಹಾಗೆ ಬಾಗಿಲು ತಳ್ಳಿಕೊಂಡು ಹೋದರೆ ಕೆಲಸ ಕೆಡುತ್ತದೆ, ಹೊತ್ತು ನೋಡಿ ನಾನೇ ಮಾಡಿಸುತ್ತೇನೆ. ನೀವೇ ಒಮ್ಮೆ ಅವರ ಹತ್ತಿರ ಒಳ್ಳೆಯ ಮಾತು ಆಡಿಬಿಡಿ.”

“ಕೈಮುಗಿಯಲೇ? ಸಾಹೇಬರ ಮುಂದೆ ಮುಗಿಯುತ್ತೇನೆ, ನಿಮ್ಮ ಮುಂದೆ ಮುಗಿಯುತ್ತೇನೆ. ಸ್ಟೂಲಿನ ಮುಂದೆ ಮುಗಿಯುವುದಿಲ್ಲ,” ಎನ್ನುತ್ತಿದ್ದರು.

ಹೀಗೆ ಎಂಟು ತಿಂಗಳು.

ಅಷ್ಟರಲ್ಲಿ ಜಯಂತಿಭಾಯಿಯ ಸೇವೆಗೆ ಇಪ್ಪತ್ತೈದು ವರ್ಷ ತುಂಬಿತು. ಸಾಹೇಬರಿಗೆ ತುಂಬಿದಾಗ ಒಂದು ಹೂಗುಚ್ಛದಲ್ಲಿ ಮುಗಿಸಿದ್ದೆವು. ಇದಕ್ಕೆ ಹಾಗೆ ಆಗುತ್ತದೆಯೇ? ನಡುಕದ ದೇಸಾಯಿಯವರಿಗೆ ಒಂದು ಯೋಚನೆ ಹೊಳೆಯಿತು. ಗುಜರಾತಿನಲ್ಲಿ ದಾರಿಬದಿಯಲ್ಲಿ ಕುಡಿಯುವ ನೀರಿಡುವ ಪುಟ್ಟ ಕಟ್ಟೆಗಳಿರುತ್ತವೆ, ನಮ್ಮ ಅರವಟ್ಟಿಗೆಯ ಹಾಗೆ. ಪರಬ್ ಎನ್ನುತ್ತಾರೆ. ಸೂರತ್ ಶಾಖೆಯ ಮುಂದೆ ಜಯಂತಿಭಾಯಿ ಹೆಸರಿನಲ್ಲಿ ಒಂದು ಪರಬ್ ಕಟ್ಟಿಸಿ, ಹಾಲುಗಲ್ಲಿನ ಮೇಲೆ ಹೆಸರು ಕೊರೆಸಿ, ಅವರ ಕೈಯಿಂದಲೇ ಉದ್ಘಾಟನೆ ಮಾಡಿಸುವುದು. ಪರಬ್ ಕಟ್ಟಿಸುವುದು ಸಾಮಾನ್ಯವಾಗಿ ತೀರಿಕೊಂಡ ತಂದೆತಾಯಿಯ ನೆನಪಿಗೆ ಎಂಬ ಸಣ್ಣ ವಿಷಯವನ್ನು ದೇಸಾಯಿಯವರು ಉತ್ಸಾಹದಲ್ಲಿ ದಾಟಿಬಿಟ್ಟರು.

ನಾನು ಮನೆಯಲ್ಲಿ ಹೇಳಿದಾಗ ಸುಮಿತ್ರಾ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಅಯ್ಯ, ಇದೂ ಆತಲ್ರೀ! ಆ ಚೀನಾದ ಸೇವಕಗೂ ಬದುಕಿದ್ದಾಗ ಗುಡಿ ಕಟ್ಟಿಸಿದ್ರು. ಒಬ್ಬ ಅಧಿಕಾರಿ ಶುರು ಮಾಡಿದ, ಆಮ್ಯಾಲೆ ತಾ ಮುಂದ, ನಾ ಮುಂದ. ಒಳಗ ಅವನ ಮೂರ್ತಿ, ದೀಪ, ಧೂಪ. ಅಡ್ಡಬೀಳಲಿಲ್ಲ ಅಂದ್ರ ಜೇಲು. ತಮ್ಮ ದೇಶದ ಮಹಾಗುರುವಿನ ಪಕ್ಕದಾಗ ಇವನ್ನ ಕೂಡ್ರಸ್ರಿ ಅಂತ ಒಬ್ಬ ವಿದ್ವಾಂಸ ಅರ್ಜಿ ಹಾಕಿದನಂತ. ಆತು, ನೀವೇನ್ ಮಾಡಾವ್ರು ಅದರಾಗ?”

“ನಂದು ಹಾರದ ಜವಾಬ್ದಾರಿ,” ಎಂದೆ.

ಇಲ್ಲಿ ನಾನು ಧಾರವಾಡದವನ ಹಾಗೆ ಯೋಚಿಸಿದೆ. ನಮ್ಮ ಕಡೆ ದೊಡ್ಡ ಮನುಷ್ಯರನ್ನು ಸನ್ಮಾನಿಸುವಾಗ ಶಾಲು ಹೊದೆಸಿ ಗಂಧದ ಹಾರ ಹಾಕುತ್ತಾರಲ್ಲ, ಗಂಧದ ಚಕ್ಕೆಯ ಹೂವು ಪೋಣಿಸಿದ್ದು? ಊರಿನಿಂದ ಬರುವವರ ಕೈಯಲ್ಲಿ ಅಂಥದೊಂದು ಭಾರಿ ಹಾರ ತರಿಸಿದೆ. ಹೂವಿನ ಹಾರ ಎಲ್ಲರೂ ಹಾಕುತ್ತಾರೆ, ನನ್ನದು ಅವರಿಗೆ ನೆನಪಿನಲ್ಲಿ ಉಳಿಯಬೇಕು. ಬಲಗಾಲಿನ ಗುಟ್ಟು ಅವರ ಹತ್ತಿರ ಇರುವಾಗ ಇಷ್ಟಾದರೂ ಬೇಡವೇ?

ಉದ್ಘಾಟನೆಯ ದಿನ ನಾನು ಬೆಳಗ್ಗೆಯೇ ಸೂರತ್ತಿಗೆ ಹೋದೆ. ಜಯಂತಿಭಾಯಿ ಸಾಹೇಬರಿಗೆ ಚಹಾ ಕೊಟ್ಟು ಮುಂದಿನ ಗಾಡಿಗೆ ಬರುವವರಿದ್ದರು. ಪರಬ್ ತಯಾರಾಗಿತ್ತು, ಮೇಲೆ ಕಟ್ಟು ಹಾಕಿಸಿದ ಅವರ ದೊಡ್ಡ ಫೋಟೋ. ಅವರು ಬರುವವರೆಗೆ ಹಾರ ಮುರಿಯದಿರಲಿ ಎಂದು ನಾನು ಅದನ್ನು ಫೋಟೋಕ್ಕೆ ತೊಡಿಸಿದೆ. ದೇಸಾಯಿಯವರು ಚೆನ್ನಾಗಿ ಕಾಣಲಿ ಎಂದು ಎರಡು ಊದುಬತ್ತಿ ಹಚ್ಚಿದರು. ಇಬ್ಬರೂ ಒಳಗೆ ಹೋಗಿ ಸೂರತ್ತಿನ ತಿಂಡಿ ಲೋಚೋದ ತಟ್ಟೆಗಳ ವ್ಯವಸ್ಥೆಗೆ ತೊಡಗಿದೆವು.

ಗುಜರಾತಿನಲ್ಲಿ ಗಂಧದ ಹಾರ ಹಾಕುವುದು ಸತ್ತವರ ಫೋಟೋಕ್ಕೆ. ಅಷ್ಟರಲ್ಲಾಗಲೇ ಹದಿನೈದು ವರ್ಷ ಇಲ್ಲಿದ್ದೂ, ಎಷ್ಟೋ ಮನೆಗಳ ಗೋಡೆಯ ಮೇಲೆ ಕಂಡೂ ಆ ಹೊತ್ತಿಗೆ ನನ್ನ ತಲೆಗೆ ಹೊಳೆಯಲಿಲ್ಲ.

ಮುಕ್ಕಾಲು ತಾಸಿನ ಮೇಲೆ ಹೊರಗೆ ಬಂದು ನೋಡುತ್ತೇನೆ, ಪರಬ್ಬಿನ ಮುಂದೆ ಚಪ್ಪಲಿಗಳ ರಾಶಿ. ಏಜೆಂಟರು, ಪಕ್ಕದ ಅಂಗಡಿಯವರು, ಸಾಲಾಗಿ ಬಂದು ಕೈಮುಗಿದು ಹೋಗುತ್ತಿದ್ದಾರೆ. ಒಬ್ಬರು ಮನೆಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾರೆ. ಅಳುವವರು ಒಬ್ಬರೂ ಇಲ್ಲ. “ಬಹಳ ಒಳ್ಳೆಯವರು,” ಎಂದು ಒಬ್ಬರು. “ಇನ್ನು ಸ್ಟೂಲಿನ ಮೇಲೆ ಯಾರನ್ನು ಕೂರಿಸುತ್ತಾರಂತೆ?” ಎಂದು ಅದೇ ಉಸಿರಿನಲ್ಲಿ ಇನ್ನೊಬ್ಬರು.

ನನಗೆ ಆಗ ಹೊಳೆಯಿತು. ಹಾರ ತೆಗೆಯಲು ಓಡಿದರೆ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರು. ಇಷ್ಟು ವರ್ಷಗಳಲ್ಲಿ ಅವರು ನನಗೆ ನೇರವಾಗಿ ಮಾಡಿದ ಮೊದಲ ಫೋನು. ಜಯಂತಿಭಾಯಿ ತಮ್ಮ ಮೊಬೈಲನ್ನು ಸಾಹೇಬರ ಕೋಣೆಯಲ್ಲೇ ಚಾರ್ಜಿಗೆ ಹಾಕಿ ಮರೆತು ಬಂದಿದ್ದರು. ಅದು ಒಂದೇ ಸಮನೆ ಬಡಿದುಕೊಂಡಾಗ ಸಾಹೇಬರೇ ಎತ್ತಿದರಂತೆ. ಆ ಕಡೆಯಿಂದ ಯಾರೋ, “ಜಯಂತಿಭಾಯಿಯ ಬೇಸ್ಣು ಯಾವಾಗ, ಎಲ್ಲಿ?” ಎಂದು ಕೇಳಿದ್ದಾರೆ. ಬೇಸ್ಣು ಎಂದರೆ ಸತ್ತವರ ಮನೆಯಲ್ಲಿ ಮಾತಾಡಿಸಲು ಜನ ಕೂರುವ ದಿನ.

“ಸರ್, ಅವರಿಗೇನೂ ಆಗಿಲ್ಲ, ಗಾಡಿಯಲ್ಲಿದ್ದಾರೆ. ತಪ್ಪು ನನ್ನ ಹಾರದ್ದು,” ಎಂದು ತೊದಲಿದೆ.

ಸಾಹೇಬರು ಉಸಿರು ಬಿಟ್ಟದ್ದು ಕೇಳಿಸಿತು. “ಕುಲಕರ್ಣಿ, ಅರ್ಧ ತಾಸು ಒಬ್ಬನೇ ಕೂತಿದ್ದೆ. ಅವನಿಲ್ಲದಿದ್ದರೆ ಆಫೀಸಿನಲ್ಲಿ ಏನು ನಡೆಯುತ್ತಿದೆ ಎಂಬುದೇ ನನಗೆ ಗೊತ್ತಿಲ್ಲ. ನನಗೆ ಗೊತ್ತಿರಬೇಕಾದದ್ದು ಏನಾದರೂ ಇದೆಯೇ?”

ಎದುರಿಗೆ, ಪರಬ್ಬಿನ ಪಕ್ಕದಲ್ಲಿ, ನಿರ್ಮಲಾಬೇನ್ ನಿಂತಿದ್ದರು. ಕೈಮುಗಿದಿರಲಿಲ್ಲ, ಸುಮ್ಮನೆ ನನ್ನನ್ನು ನೋಡುತ್ತಿದ್ದರು. ನಾನು ಹೇಳಿಬಿಟ್ಟೆ: ಇಂಥ ಗುಮಾಸ್ತೆ, ಗಂಡನಿಗೆ ಲಕ್ವ, ವರ್ಗಾವಣೆಯ ಅರ್ಜಿ, ಎಂಟು ತಿಂಗಳು.

“ಲಕ್ವವೇ? ಯಾವ ಪಕ್ಕ? ಬಲವೇ? ಮಾತೂ ಹೋಗಿದೆಯೇ? ಅರೆ, ಇದನ್ನು ನನಗೆ ಯಾರೂ ಹೇಳಲೇ ಇಲ್ಲವಲ್ಲ!” ಸಾಹೇಬರ ದನಿಯಲ್ಲಿ ನೋವೂ ಇತ್ತು, ಇಷ್ಟು ವರ್ಷಕ್ಕೆ ಒಬ್ಬ ನಿಜವಾದ ರೋಗಿ ಸಿಕ್ಕಿದ ಸಂತೋಷವೂ ಇತ್ತು. “ಇವತ್ತೇ ಆರ್ಡರು ಹೊರಡಲಿ. ನಾಳೆ ಆಕೆಯನ್ನು ಕಳಿಸು, ಗಂಡನ ಲಕ್ಷಣಗಳನ್ನು ಕೇಳಬೇಕು.”

ಎಂಟು ತಿಂಗಳ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು. ಆಫೀಸಿನಲ್ಲಿ ನಿಜವಾಗಿ ರೋಗ ಇದ್ದುದು ಅದೊಂದೇ ಮನೆಗೆ, ಸಾಹೇಬರನ್ನು ಮುಟ್ಟದೆ ಇದ್ದುದೂ ಅದೊಂದೇ.

ಆಗ ರಿಕ್ಷಾದಿಂದ ಜಯಂತಿಭಾಯಿ ಇಳಿದರು. ಹೊಸ ಸಫಾರಿ, ಎಣ್ಣೆ ಹಚ್ಚಿದ ಕೂದಲು. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಬಿಳಿ ಅಂಗಿಯವರು ಮೆಲ್ಲನೆ ಹಿಂದಕ್ಕೆ ಸರಿದು ಮಾಯವಾದರು. ಜಯಂತಿಭಾಯಿ ತಮ್ಮ ಫೋಟೋ, ಅದರ ಮೇಲಿನ ಗಂಧದ ಹಾರ, ಊದುಬತ್ತಿ, ಒಂದೊಂದನ್ನೇ ನೋಡಿದರು. “ಫೋಟೋ ಸರಸ್ ಛೇ,” ಎಂದರು. ಚೆನ್ನಾಗಿ ಬಂದಿದೆ ಎಂದು. ಆಮೇಲೆ, “ಹಾರ ಯಾರದು?”

ಎಲ್ಲರ ಕೈ ನನ್ನ ಕಡೆಗೆ. ದೇಸಾಯಿಯವರದಂತೂ ಎರಡೂ ಕೈ.

“ನಮ್ಮ ಕಡೆ ಇದು ಮರ್ಯಾದೆ, ಜಯಂತಿಭಾಯ್. ಬದುಕಿದ್ದವರಿಗೇ ಹಾಕುತ್ತಾರೆ,” ಎಂದೆ. ಮಾತು ಬದಲಿಸುವ ಅವಸರದಲ್ಲಿ, “ಅಂದಹಾಗೆ, ನಿಮ್ಮ ಹತ್ತಿರ ನಿಂತಿದ್ದ ನಿರ್ಮಲಾಬೇನರ ಫೈಲಿಗೆ ಸಾಹೇಬರು ಈಗ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಬೇಜಾರು ಮಾಡಿಕೊಳ್ಳಬೇಡಿ,” ಎಂದುಬಿಟ್ಟೆ.

ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ನನ್ನ ಹತ್ತಿರವೇ? ಬೇನರ ಫೈಲು ನನ್ನ ಸ್ಟೂಲಿಗೆ ಬಂದೇ ಇಲ್ಲವಲ್ಲ, ಕುಲಕರ್ಣಿಭಾಯ್. ಬಂದ ಫೈಲನ್ನು ನಾನು ತಡೆದಿರಬಹುದು, ಮರೆತಿದ್ದಂತೂ ಇಲ್ಲ. ಅವರ ಮನೆಯವರಿಗೆ ಹುಷಾರಿಲ್ಲವೇ? ನನಗೆ ಯಾರು ಹೇಳಿದರು?”

ಎಂಟು ತಿಂಗಳಿಂದ ಫೈಲು ಜಯಂತಿಭಾಯಿ ಹತ್ತಿರ ನಿಂತಿದೆ ಎಂದು ನಾನು ನಿರ್ಮಲಾಬೇನರಿಗೆ ಹೇಳಿದೆ, ಈಗ ಸಾಹೇಬರ ಕಿವಿಗೂ ಎಂಟು ತಿಂಗಳು ಎಂದು ಹಾಕಿದೆ, ಓದುವ ನಿಮಗೂ ಅದನ್ನೇ ನಂಬಿಸಿದೆ. ಅದು ಇದ್ದುದು ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ. ಮೊದಲ ದಿನ ಕೈಯಲ್ಲಿ ಹಿಡಿದು ಸ್ಟೂಲಿನವರೆಗೆ ಹೋಗಿದ್ದೆ. ಜಯಂತಿಭಾಯಿ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹಾಕಿದ್ದು ಕಂಡು ವಾಪಸು ಬಂದೆ. ನಾಳೆ ನೋಡೋಣ ಎಂದು ಡ್ರಾಯರಿಗೆ ಹಾಕಿದೆ. ಅವರು ಬೇಡ ಎನ್ನುವ ಮೊದಲೇ ಅವರ ಪರವಾಗಿ ನಾನೇ ಬೇಡ ಎಂದುಕೊಂಡೆ. ಆಮೇಲೆ ಹೇಳಿ ಹೇಳಿ ನನ್ನ ಸುಳ್ಳು ನನಗೇ ಖಾತ್ರಿಯಾಗಿತ್ತು.

ಜಯಂತಿಭಾಯಿ ಹೇಳಿದ್ದನ್ನೆಲ್ಲ ನಿರ್ಮಲಾಬೇನ್ ಅಲ್ಲೇ ನಿಂತು ಕೇಳಿಸಿಕೊಂಡಿದ್ದರು. ಕೂಗಾಡಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಹೋದ ತಿಂಗಳು ಅವರಿಗೆ ಮಾತು ಬಂತು, ಕುಲಕರ್ಣಿಭಾಯ್,” ಎಂದರು. “ಒಂದೇ ಶಬ್ದ. ನನ್ನ ಹೆಸರು ಕರೆದರಂತೆ. ಎರಡು ಮೂರು ಸಲ ಕರೆದರಂತೆ. ಪಕ್ಕದ ಮನೆಯವರು ಹೇಳಿದರು. ನಾನು ಆಗ ಗಾಡಿಯಲ್ಲಿದ್ದೆ, ಭರೂಚಿನ ಸೇತುವೆಯ ಮೇಲೆ.”

ಜಯಂತಿಭಾಯಿ ಪರಬ್ಬಿನ ನಲ್ಲಿ ತಿರುಗಿಸಿ ಮೊದಲ ಲೋಟ ನೀರನ್ನು ಅವರ ಕೈಗೆ ಕೊಟ್ಟರು. ಉದ್ಘಾಟನೆ ಹಾಗೆ ಆಯಿತು.

ಮನೆಗೆ ಬಂದು ಸುಮಿತ್ರಾಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ನಾನು ಕಾಯುತ್ತಿದ್ದೆ.

“ಆ ಚೀನಾದವ ಪಾಪ, ಅರಮನಿ ಒಳಗ ಹೋಗಾಕ ಬ್ಯಾರೆ ದಾರಿ ಇರಲಿಲ್ಲ ಅಂತ ಕೊಯ್ಸ್ಕೊಂಡ,” ಎಂದಳು. “ನೀವು ಪರೀಕ್ಷಾ ಪಾಸ್ ಮಾಡಿ ಒಳಗ ಹೋಗಿದ್ರಿ. ನಿಮಗ್ಯಾರು ಕೊಯ್ಕೋ ಅಂದಿದ್ರು?”



ಆ ಸೇವಕನ ಕಥೆ ಹೇಗೆ ಮುಗಿಯಿತೆಂದು ಅವಳು ಆಮೇಲೆ ಎಂದೋ ಹೇಳಿದಳು. ಬಡಗಿ ಚಕ್ರವರ್ತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನ ತಮ್ಮ ಪಟ್ಟಕ್ಕೆ ಬಂದ. ಸೇವಕನನ್ನು ಊರು ಬಿಡಿಸಿದರು, ಹಿಡಿಯಲು ಆಳುಗಳು ಬರುತ್ತಿದ್ದಾರೆಂದು ಕೇಳಿ ದಾರಿಯ ಛತ್ರದಲ್ಲಿ ನೇಣು ಹಾಕಿಕೊಂಡ. ಗುಡಿಗಳನ್ನು ಕೆಡವಿದರು. ನಮ್ಮಲ್ಲಿ ಅಷ್ಟೆಲ್ಲ ಆಗಲಿಲ್ಲ. ದೊಡ್ಡ ಸಾಹೇಬರು ಪೆಟ್ಟಿಗೆ ಎತ್ತಿಕೊಂಡು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಮೇಡಮ್ಮು ಬಾಗಿಲು ತೆರೆದಿಟ್ಟು ಸ್ಟೂಲನ್ನು ಉಗ್ರಾಣಕ್ಕೆ ಕಳಿಸಿದರು. ಜಯಂತಿಭಾಯಿಯನ್ನು ಟಪಾಲು ವಿಭಾಗಕ್ಕೆ ಹಾಕಿದರು. ಅಲ್ಲಿ ಲಕೋಟೆಗೆ ಅಂಟು ಹಚ್ಚುತ್ತಿದ್ದರು. ಎದುರಿಗೆ ಬಂದರೆ ನಮ್ಮವರು ಗೋಡೆಯ ಕ್ಯಾಲೆಂಡರು ನೋಡತೊಡಗಿದರು. ದೇಸಾಯಿಯವರು ಪರಬ್ಬಿನ ಹಾಲುಗಲ್ಲಿಗೆ ಸುಣ್ಣ ಹೊಡೆಸಿದರು. ಅವರ ನಡುಕ ಪೂರ್ತಿ ವಾಸಿಯಾಯಿತು, ಗುಳಿಗೆಯಿಲ್ಲದೆಯೇ.

ನನ್ನ ಬೀಳ್ಕೊಡುಗೆ ಆದದ್ದು ಅದರ ಮರುವರ್ಷ. ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ. ನಾಲ್ಕು ಜನ ಎದ್ದು, ಕುಲಕರ್ಣಿಭಾಯಿ ಎಂದೂ ಯಾರ ಫೈಲನ್ನೂ ತಡೆದವರಲ್ಲ ಎಂದು ಭಾಷಣ ಮಾಡಿದರು. ವರ್ಗವಾಗಿ ವಡೋದರಾಕ್ಕೆ ಬಂದಿದ್ದ ನಿರ್ಮಲಾಬೇನ್ ಮೊದಲ ಸಾಲಿನಲ್ಲಿ ಕೂತಿದ್ದರು. ಗಂಡ ಈಗ ಕೋಲು ಹಿಡಿದು ಬಾಗಿಲವರೆಗೆ ಬರುತ್ತಾರೆಂದು ಯಾರೋ ಹೇಳಿದ್ದರು, ನನಗೆ ಅವರು ಹೇಳಿರಲಿಲ್ಲ.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಜಯಂತಿಭಾಯಿ ಎದ್ದು ಬಂದರು. ಕೈಯಲ್ಲಿ ಹಳೆಯ ಪೇಪರಿನ ಪೊಟ್ಟಣ. ಬಿಚ್ಚಿದರೆ ಅದೇ ಗಂಧದ ಹಾರ. ಅಷ್ಟು ದಿನ ಇಟ್ಟುಕೊಂಡಿದ್ದರು, ಒಂದು ಚಕ್ಕೆಯೂ ಮುರಿದಿರಲಿಲ್ಲ.

“ನಿಮ್ಮ ಕಡೆ ಇದು ಮರ್ಯಾದೆ ಅಲ್ಲವೇ?” ಎಂದು ನನ್ನ ಕೊರಳಿಗೆ ಹಾಕಿದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ನಿರ್ಮಲಾಬೇನ್ ನಗಲಿಲ್ಲ. ಎದ್ದು ನಿಂತು, ಚಪ್ಪಲಿಯಿಂದ ಮೆಲ್ಲನೆ ಕಾಲು ತೆಗೆದು, ನನಗೆ ಕೈಮುಗಿದರು. ಅದು ನಮ್ಮ ಕಡೆಯ ಪದ್ಧತಿಯೋ, ಅವರ ಕಡೆಯದೋ ಎಂದು ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.